ಒಂದೇ ಚಿತ್ರಕ್ಕೆ ನಾಲ್ಕು ಬಾಗಿಲು

ಕಲೆ ಕಲಿಸುವ ಜಾಲತಾಣವನ್ನು ಮೊದಲ ಸಲ ರೂಪಿಸಿದಾಗ ನಾನು ವಯಸ್ಸನ್ನು ಬಣ್ಣದಿಂದ ಅಳೆದಿದ್ದೆ. ಚಿಕ್ಕವರಿಗೆ ಕೆಂಪು ಹಳದಿಯ ಪುಟ, ಕುಣಿಯುವ ಅಕ್ಷರ. ದೊಡ್ಡವರಿಗೆ ಬಿಳಿ ಪುಟ, ತೆಳು ಬೂದು ಅಕ್ಷರ. ಬಳಸುವವರ ಪಕ್ಕದಲ್ಲಿ ಕುಳಿತು ನೋಡಿದಾಗ ಎರಡೂ ಸೋತಿದ್ದವು. ಮಕ್ಕಳ ಪುಟದ ಅಬ್ಬರದಲ್ಲಿ ವರ್ಣಚಿತ್ರವೇ ಮಂಕಾಗಿತ್ತು, ದೊಡ್ಡವರ ಪುಟದಲ್ಲಿ ವಿವರಣೆ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಚಿತ್ರವೂ ಅದರ ಹಿನ್ನೆಲೆಯೂ ಎಲ್ಲರಿಗೂ ಒಂದೇ. ಬದಲಾಗುವುದು ಚಿತ್ರದ ಬಳಿಗೆ ಹೋಗುವ ದಾರಿ ಮಾತ್ರ.

ಓದು ಬಾರದ ನಾಲ್ಕೈದು ವರ್ಷದವರಿಗಾಗಿ ನಾನು ಗಮನಿಸಿದ್ದು ಅವರ ಕೈಗಳನ್ನು. ಟ್ಯಾಬ್ಲೆಟ್ ಹಿಡಿದ ಹೆಬ್ಬೆರಳು ಪರದೆಯ ಅಂಚಿನಲ್ಲೇ ಇರುತ್ತದೆ. ಅಲ್ಲಿ ಗುಂಡಿ ಇದ್ದರೆ ಬರೆಯುತ್ತಿದ್ದ ಚಿತ್ರ ಅರ್ಧಕ್ಕೇ ಮಾಯ. ಗುಂಡಿಗಳನ್ನು ಒಳಕ್ಕೆ ಸರಿಸಿದೆ. ಅಂಗವಿಕಲರೂ ಸೇರಿ ಎಲ್ಲರೂ ಜಾಲತಾಣ ಬಳಸುವಂತಾಗಲು ರೂಪಿಸಿದ 2023ರ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿ ಸಾಮಾನ್ಯವಾಗಿ ಗುಂಡಿಗೆ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಕೇಳುತ್ತದೆ. ಈ ಬೆರಳುಗಳಿಗೆ ನಾನು 72 ಕೊಟ್ಟೆ. ಸೂಚನೆಗಳೆಲ್ಲ ಧ್ವನಿಯಲ್ಲಿ, ಒಂದು ಸಲಕ್ಕೆ ಒಂದೇ ವಾಕ್ಯ.

ಬಣ್ಣ ಬೆರೆಸುವ ಆಟ ಮಾತ್ರ ಬಹಳ ದಿನ ಕಾಡಿತು. ನೀಲಿಗೆ ಹಳದಿ ಸೇರಿಸಿದ ಮಗು ಹಸಿರಿಗಾಗಿ ಕಾದಿತ್ತು, ಬಂದದ್ದು ಬೂದು. ಪರದೆಯ ಬಣ್ಣ ಬೆಳಕಿನದು; ಕೆಂಪು, ಹಸಿರು, ನೀಲಿ ಬೆಳಕು ಎಷ್ಟೆಷ್ಟು ಎಂದು 0ರಿಂದ 255ರವರೆಗಿನ ಮೂರು ಅಂಕಿಗಳು ಹೇಳುತ್ತವೆ. ಅಪ್ಪಟ ನೀಲಿಯ 0, 0, 255 ಮತ್ತು ಅಪ್ಪಟ ಹಳದಿಯ 255, 255, 0 ಅಂಕಿಗಳ ಸರಾಸರಿ ತೆಗೆದರೆ ಮೂರೂ ಸುಮಾರು 128 ಆಗುತ್ತವೆ, ಅದೇ ಬೂದು. ಕಾಗದದ ಮೇಲಿನ ಬಣ್ಣವಾದರೋ ಬೆಳಕನ್ನು ಹೀರುತ್ತದೆ; ನೀಲಿಯೂ ಹಳದಿಯೂ ಪೂರ್ತಿ ಹೀರದೆ ಬಿಟ್ಟ ಹಸಿರು ನಮಗೆ ಕಾಣುತ್ತದೆ. ಮಗು ತನ್ನ ಕುಂಚದಿಂದ ಕಂಡುಕೊಂಡದ್ದನ್ನು ಕಲೆಯ ಪುಟವೇ ಸುಳ್ಳು ಮಾಡುವುದನ್ನು ನಾನು ಒಪ್ಪಲಾರೆ. ಐದು ಬಣ್ಣಗಳನ್ನು ಎರಡೆರಡಾಗಿ, ಮೂರು ಮೂರು ಪ್ರಮಾಣಗಳಲ್ಲಿ ಕಾಗದದ ಮೇಲೆ ಬೆರೆಸಿ, ಹಗಲು ಬೆಳಕಿನಲ್ಲಿ ಫೋಟೊ ತೆಗೆದು, ಆ 30 ಬಣ್ಣಗಳನ್ನೇ ಆಟದೊಳಗೆ ಇಟ್ಟೆ.

ಓದಲು ಕಲಿತವರಿಗೆ ಪೀಟರ್ ಬ್ರೂಗಲ್ 1560ರಲ್ಲಿ ಬರೆದ ‘ಮಕ್ಕಳ ಆಟಗಳು’ ಚಿತ್ರವಿದೆ. ಇನ್ನೂರಕ್ಕೂ ಹೆಚ್ಚು ಮಂದಿ ಅದರಲ್ಲಿ ಆಡುತ್ತಿದ್ದಾರೆ. ಮರಗಾಲು ಕಟ್ಟಿದವರನ್ನು, ಬಳೆ ಉರುಳಿಸುವವರನ್ನು ಹುಡುಕುತ್ತ ಚಿತ್ರವನ್ನು ಹಿಗ್ಗಿಸಿದ ಮಕ್ಕಳು ತಾವು ಯಾವ ಮೂಲೆಯಲ್ಲಿದ್ದೇವೆಂದು ತಿಳಿಯದೆ ಕಂಗಾಲಾಗುತ್ತಿದ್ದರು. ಇಡೀ ಚಿತ್ರದ ಪುಟ್ಟ ಪ್ರತಿಯನ್ನು ಬದಿಯಲ್ಲಿಟ್ಟು, ನೋಡುತ್ತಿರುವ ಜಾಗಕ್ಕೆ ಚೌಕ ಹಾಕಿದೆ.

ಹದಿಹರೆಯದವರು ‘12ರಿಂದ 15’ ಎಂಬ ಬಾಗಿಲನ್ನು ತೆರೆಯಲೇ ಇಲ್ಲ. ಅವರ ಬೇಸರ ನ್ಯಾಯವಾದದ್ದು. ವಯಸ್ಸಿನ ಅಂಕಿಗಳನ್ನೆಲ್ಲ ಅಳಿಸಿ ಕೆಲಸದ ಹೆಸರಿಟ್ಟೆ. ‘ಹುಡುಕು’ ಎಂದರೆ ಹಿರಿಯರಿಗೆ ಒರಟು, ‘ಹುಡುಕಿರಿ’ ಎಂದರೆ ಮಗುವಿಗೆ ದೂರ. ಆದ್ದರಿಂದ ಬೆರೆಸೋಣ, ಹುಡುಕೋಣ, ಹೋಲಿಸೋಣ, ಓದೋಣ. ‘ಹೋಲಿಸೋಣ’ದಲ್ಲಿ ಡಚ್ ಚಿತ್ರಕಾರ ವರ್ಮೀರ್ ಬರೆದ, ಪತ್ರ ಓದುವ ಹುಡುಗಿ ಇದ್ದಾಳೆ. ಅವಳ ಹಿಂದಿನ ಗೋಡೆಯಲ್ಲಿ ಯಾರೋ ಬಣ್ಣ ಬಳಿದು ಮುಚ್ಚಿದ್ದ ಪ್ರೇಮದೇವತೆ ಕ್ಯುಪಿಡ್‌ನನ್ನು ಹೊರತೆಗೆದು, 2021ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪ್ರದರ್ಶನಕ್ಕಿಟ್ಟರು. ಎರಡೂ ರೂಪಗಳನ್ನು ಅಕ್ಕಪಕ್ಕ ಇಟ್ಟು, ಯಾವ ಗೋಡೆ ಇಷ್ಟ, ಏಕೆ ಎಂದಷ್ಟೇ ಕೇಳುತ್ತೇನೆ. ಅಂಕ ಕೊಡುವುದಿಲ್ಲ.

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ನೇರಳೆಗಳ ವ್ಯತ್ಯಾಸ ಮಸುಕಾಗುತ್ತದೆ. ಕೊಂಡಿಗಳನ್ನು ನೀಲಿ ಬಣ್ಣವೊಂದರಿಂದಲೇ ಗುರುತಿಸುವುದನ್ನು ಬಿಟ್ಟು ಅಡಿಗೆರೆ ಹಾಕಿದೆ; ಅಕ್ಷರಕ್ಕೂ ಹಿನ್ನೆಲೆಗೂ ಮಾರ್ಗಸೂಚಿ ಹೇಳುವ 4.5:1 ಹೊಳಪಿನ ಅಂತರವನ್ನು ಮೀರಿಸಿದೆ. ಆದರೆ ಹಿರಿಯರೊಬ್ಬರು ದೂರಿದ್ದು ಅಕ್ಷರದ ಬಗ್ಗೆ ಅಲ್ಲ. ತಾನಾಗಿ ಸರಿಯುವ ಚಿತ್ರಸಾಲನ್ನು ತೋರಿಸಿ, “ನಾನಿನ್ನೂ ನೋಡಿ ಮುಗಿಸಿಲ್ಲ, ಅದು ಹೊರಟುಹೋಯಿತು” ಎಂದರು. ಅಂದೇ ಅದನ್ನು ನಿಲ್ಲಿಸಿದೆ. ಈಗ ನೋಡುವವರು ಬೆರಳಿಟ್ಟರೆ ಮಾತ್ರ ಮುಂದಿನ ಚಿತ್ರ ಬರುತ್ತದೆ.