ಅಪ್ಪನಿಗೆ ಸಣ್ಣಕ್ಷರವೇ?

"ಅಲ್ಲ ಕಣಪ್ಪ, ಸರ್‌ಗೆ ದೊಡ್ಡಕ್ಷರ ಹಾಕಿದ್ದೀಯ, ನಮ್ಮಪ್ಪಂಗೆ ಸಣ್ಣದು ಹಾಕಿದ್ದೀಯಲ್ಲ?"

ಅರಸೀಕೆರೆಯಲ್ಲಿ ತಾಲೂಕು ಕಚೇರಿ ಎದುರು ಜಾಬ್ ಟೈಪಿಂಗ್‌ಗೆ ಕೂತು ಆಗಿನ್ನೂ ವರ್ಷ ತುಂಬಿರಲಿಲ್ಲ. ತೀರಿಹೋದ ತಂದೆಯ ಠೇವಣಿ ವಿಚಾರವಾಗಿ ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಸಲು ಬಂದಿದ್ದರು ಆ ಹಿರಿಯರು. ಮಿಡ್ಲ್ ಸ್ಕೂಲ್ ಓದಿದವರು, ಅಕ್ಷರದ ಗುರುತಿತ್ತು. "ಡಿಯರ್ ಸರ್" ಎಂಬಲ್ಲಿ ಸರ್‌ನ ಎಸ್ ದೊಡ್ಡದು, "ಮೈ ಫಾದರ್" ಎಂಬಲ್ಲಿ ಫಾದರ್‌ನ ಎಫ್ ಸಣ್ಣದು. ಕಾಗದವನ್ನು ನನ್ನತ್ತ ತಿರುಗಿಸಿ ಅದೇ ಜಾಗಕ್ಕೆ ಬೆರಳಿಟ್ಟರು. "ಮೈ" ಬಂದರೆ ಮುಂದಿನ ಫಾದರ್ ಬರೀ ಸಂಬಂಧದ ಮಾತು, ಹೆಸರಲ್ಲ, ಅದಕ್ಕೇ ಸಣ್ಣಕ್ಷರ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಫಾದರ್‌ನ ಮುಂದೆ ಅವರ ತಂದೆಯ ಪೂರ್ತಿ ಹೆಸರನ್ನೇ ಸೇರಿಸಿ ಇನ್ನೊಮ್ಮೆ ಟೈಪ್ ಮಾಡಿಕೊಟ್ಟೆ. ಹೆಸರಿಗಂತೂ ದೊಡ್ಡಕ್ಷರ ಸಿಕ್ಕಿತಲ್ಲ, ಸಮಾಧಾನವಾಗಿ ರುಜು ಹಾಕಿದರು.

ಅವರನ್ನು ನೋಡಿ ನಗುವ ಯೋಗ್ಯತೆ ನನಗಿರಲಿಲ್ಲ. ಐದನೇ ಕ್ಲಾಸಿನಲ್ಲಿ ಎ ಬಿ ಸಿ ಡಿ ಕಲಿತವನು ನಾನು. ನಾಲ್ಕು ಗೆರೆ ಕಾಪಿಯಲ್ಲಿ ದೊಡ್ಡ ಎ, ಸಣ್ಣ ಎ ಎಂದು ತಿದ್ದಿಸಿದರೇ ಹೊರತು ಯಾವುದನ್ನು ಎಲ್ಲಿ ಹಾಕಬೇಕೆಂದು ಯಾರೂ ಹೇಳಿರಲಿಲ್ಲ. ಕನ್ನಡದಲ್ಲಿ ಆ ಭೇದವೇ ಇಲ್ಲ. ಹಾಗಾಗಿ ನಾವು ದೊಡ್ಡಕ್ಷರವನ್ನು ಮರ್ಯಾದೆಯ ಲೆಕ್ಕಕ್ಕೆ ಹಾಕಿಕೊಂಡೆವು. ಕನ್ನಡದಲ್ಲಿ "ಅವರು" ಅನ್ನುವಂತೆ ಇಂಗ್ಲಿಷಿನಲ್ಲಿ ದೊಡ್ಡಕ್ಷರ! ರಜೆ ಅರ್ಜಿಗಳನ್ನು ನೋಡಿ: ಲೀವ್, ಫೀವರ್, ಮದರ್, ಹೆಡ್‌ಮಾಸ್ಟರ್, ಎಲ್ಲಕ್ಕೂ ಕಿರೀಟ. ಇಂಗ್ಲಿಷರೂ ಇದರಲ್ಲಿ ಹಿಂದೆ ಬಿದ್ದವರಲ್ಲ. 17, 18ನೇ ಶತಮಾನದ ಅವರ ಪುಸ್ತಕಗಳಲ್ಲಿ ನಾಮಪದಗಳಿಗೆ ಧಾರಾಳವಾಗಿ ದೊಡ್ಡಕ್ಷರ ಹಾಕುತ್ತಿದ್ದರು. ಜರ್ಮನ್ನರು ಈಗಲೂ ಎಲ್ಲ ನಾಮಪದಗಳಿಗೂ ಹಾಕುತ್ತಾರೆ. ಇಂಗ್ಲಿಷರು ಆಮೇಲೆ ಕೈಬಿಟ್ಟರು, ನಾವು ಬಿಡಲಿಲ್ಲ.

ನನ್ನ ಚಟ ಬಿಡಿಸಿದ್ದು ವ್ಯಾಕರಣವಲ್ಲ, ಕಿರುಬೆರಳು. 1874ರಲ್ಲಿ ಮಾರುಕಟ್ಟೆಗೆ ಬಂದ ರೆಮಿಂಗ್ಟನ್‌ನ ಮೊದಲ ಟೈಪ್‌ರೈಟರ್ ಯಂತ್ರದಲ್ಲಿ ಬರೀ ದೊಡ್ಡಕ್ಷರಗಳೇ ಇದ್ದವು. 1878ರ ಎರಡನೇ ಮಾದರಿಯಲ್ಲಿ ಸಣ್ಣಕ್ಷರದಿಂದ ದೊಡ್ಡಕ್ಷರಕ್ಕೆ ಹೋಗುವ ಶಿಫ್ಟ್ ಕೀಲಿ ಬಂತು. ನಾನು ಕಲಿತ ಹಳೆಯ ಯಂತ್ರದಲ್ಲಿ ಆ ಕೀಲಿಯನ್ನು ಕಿರುಬೆರಳಿನಿಂದ ಪೂರ್ತಿ ಅದುಮಿ ಹಿಡಿಯದಿದ್ದರೆ ದೊಡ್ಡಕ್ಷರ ಗೆರೆ ಬಿಟ್ಟು ಅರ್ಧ ಮೇಲೆ ನೇತಾಡುತ್ತಿತ್ತು. ದಿನಕ್ಕೆ ಮೂವತ್ತು ಪುಟ ಕುಟ್ಟುವವನು ಸುಮ್ಮನೆ ಯಾಕೆ ನೋಯಿಸಿಕೊಳ್ಳಬೇಕು? ಎಲ್ಲೆಲ್ಲಿ ಹಾಕದೇ ವಿಧಿಯಿಲ್ಲ ಎಂದು ಹುಡುಕತೊಡಗಿದೆ. ಹುಡುಕಿದರೆ ಪಟ್ಟಿ ಚಿಕ್ಕದೇ. ವಾಕ್ಯದ ಮೊದಲಕ್ಷರ, ವ್ಯಕ್ತಿ ಮತ್ತು ಊರಿನ ಹೆಸರು, ವಾರ, ತಿಂಗಳು, ಹಬ್ಬ, ಭಾಷೆ. ಬೇಸಿಗೆ, ಚಳಿಗಾಲಕ್ಕೆ ಬೇಡ. ತಹಸೀಲ್ದಾರ್ ಎಂಬುದು ಹೆಸರಿಗೆ ಮೊದಲು ಬಂದರೆ ದೊಡ್ಡದು, "ಒಬ್ಬ ತಹಸೀಲ್ದಾರ್" ಎಂಬರ್ಥದಲ್ಲಿ ಸಣ್ಣದು. ಫೀವರ್‌ಗೆ ದೊಡ್ಡಕ್ಷರ ಹಾಕುವ ನಮ್ಮ ಜನ ಕನ್ನಡದ ಕೆ ಅನ್ನು ಮಾತ್ರ ಸಣ್ಣದಾಗಿ ಬರೆಯುತ್ತಾರೆ, ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಇನ್ನು "ನಾನು" ಎನ್ನುವ ಐ ಎಲ್ಲಿದ್ದರೂ ದೊಡ್ಡದು, "ನೀವು" ಸಣ್ಣದು. ನಮ್ಮ ಕಡೆ ಹೀಗೆ ಮಾತಾಡಿದರೆ ಸೊಕ್ಕು ಅನ್ನುತ್ತಾರೆ. ಏನು ಮಾಡುವುದು, ಅವರ ಭಾಷೆ.

ಗುರುತುಗಳ ವಿಷಯದಲ್ಲಿ ನನಗೆ ಹೆಚ್ಚು ಏಟು ಬಿತ್ತು. ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು ಜಾಗದ ಲೆಕ್ಕ ಮಾತ್ರ: ಕಾಮಾ ಆದಮೇಲೆ ಒಂದು ಸಲ ಸ್ಪೇಸ್, ಫುಲ್‌ಸ್ಟಾಪ್ ಆದಮೇಲೆ ಎರಡು ಸಲ, ಈ ಗುರುತುಗಳಿಗೆ ಮೊದಲು ಎಂದೂ ಇಲ್ಲ. (ಕಂಪ್ಯೂಟರಿಗೆ ಬಂದಮೇಲೆ ಫುಲ್‌ಸ್ಟಾಪಿಗೂ ಒಂದೇ ಸಾಕಾಯಿತು.) ಕಾಮಾ ಎಲ್ಲಿ ಬರಬೇಕು? ಉಸಿರು ನಿಲ್ಲುವ ಕಡೆ ಎಂದು ನಾನೇ ಅಂದುಕೊಂಡಿದ್ದೆ. ಒಂದು ದಿನ ವಕೀಲರೊಬ್ಬರು ನನ್ನ ಎರಡು ಪುಟವನ್ನು ಕೆಂಪು ಸುತ್ತುಗಳ ಸಮೇತ ವಾಪಸ್ ಕೊಟ್ಟು, "ನಿನ್ನ ಉಸಿರು ಕೋರ್ಟಿಗೆ ಯಾಕಯ್ಯ?" ಅಂದರು.

ಸುತ್ತು ಬಿದ್ದಿದ್ದ ವಾಕ್ಯಗಳೆಲ್ಲ ಒಂದೇ ಜಾತಿಯವು. "ಐ ವೆಂಟ್ ಟು ದಿ ಬ್ಯಾಂಕ್, ದಿ ಮ್ಯಾನೇಜರ್ ವಾಸ್ ಆನ್ ಲೀವ್, ಐ ಕೇಮ್ ಬ್ಯಾಕ್." ಇದರಲ್ಲೇನು ತಪ್ಪು? ರಾತ್ರಿ ಅದನ್ನೇ ಕನ್ನಡದಲ್ಲಿ ಹೇಳಿಕೊಂಡೆ: ಬ್ಯಾಂಕಿಗೆ ಹೋಗಿ, ಮ್ಯಾನೇಜರ್ ರಜೆಯಲ್ಲಿದ್ದುದರಿಂದ ವಾಪಸ್ ಬಂದೆ. ಆಗ ತಲೆಗೆ ಹೊಳೆಯಿತು. ನಮ್ಮಲ್ಲಿ "ಹೋಗಿ" ಎಂಬ ಮಾತೇ ಇನ್ನೂ ಮುಗಿದಿಲ್ಲ, ಮುಂದೆ ಇದೆ ಎಂದು ಹೇಳಿಬಿಡುತ್ತದೆ. "ಬಂದೆ" ಎಂದರೆ ಮುಗಿಯಿತು. "ಬಂದನೇ" ಎಂಬ ಏಕಾರವೇ ಪ್ರಶ್ನೆಯ ಗುರುತು. "ಅಕ್ಕನೂ ತಂಗಿಯೂ" ಎಂಬ ಊಕಾರವೇ ಕಾಮಾ. ಯಾರೋ ಆಡಿದ ಮಾತು ಎಲ್ಲಿ ಮುಗಿಯಿತೆಂದು "ಎಂದು" ತೋರಿಸುತ್ತದೆ. ಕನ್ನಡದ ಗುರುತುಗಳೆಲ್ಲ ಪದದ ಬಾಲದಲ್ಲೇ ಇವೆ. ಇಂಗ್ಲಿಷಿನ ಪದಗಳಿಗೆ ಈ ಬಾಲಗಳಿಲ್ಲ, ಅದಕ್ಕೇ ಹೊರಗಿನಿಂದ ಚುಕ್ಕಿ, ಕೊಕ್ಕೆ ಬೇಕು. "ಐ ವೆಂಟ್" ಎಂದರೆ ಹೋಗಿ ಅಲ್ಲ, ಹೋದೆ. ಅಲ್ಲಿಗೆ ವಾಕ್ಯ ಮುಗಿಯಿತು. ಮುಗಿದ ಎರಡು ವಾಕ್ಯಗಳನ್ನು ಬರೀ ಕಾಮಾದಿಂದ ಹೊಲಿಯಲು ಬಾರದು. ಒಂದೋ ಫುಲ್‌ಸ್ಟಾಪ್, ಇಲ್ಲವೇ ಕಾಮಾದ ಜೊತೆಗೆ "ಆಂಡ್" ಅಥವಾ "ಬಟ್", ಅದೂ ಬೇಡವೆಂದರೆ ಸೆಮಿಕೋಲನ್. ಅಂದಿನಿಂದ ಕಾಮಾ ಹಾಕುವ ಮುನ್ನ ಹಿಂದಿನ ತುಂಡನ್ನೂ ಮುಂದಿನ ತುಂಡನ್ನೂ ಬೇರೆ ಬೇರೆ ಓದಿ ನೋಡುತ್ತೇನೆ. ಎರಡೂ ತಮ್ಮ ಕಾಲ ಮೇಲೆ ನಿಂತರೆ ಕಾಮಾ ಒಂದೇ ಸಾಲದು.

ಪ್ರಶ್ನೆ ಗುರುತಿನಲ್ಲೂ ಇದೇ ತೊಡಕು. ಫೈಲ್ ಎಲ್ಲಿದೆ ಎಂದು ಕೇಳಿದೆ ಎಂಬುದನ್ನು ಇಂಗ್ಲಿಷಿಗೆ ತರುವಾಗ ಕೊನೆಗೆ ಪ್ರಶ್ನೆ ಗುರುತು ಜಡಿಯುತ್ತಿದ್ದೆ. ಕೇಳಿದ್ದನ್ನು ವರದಿ ಮಾಡುತ್ತಿದ್ದೇನೆಯೇ ವಿನಾ ಈಗ ಯಾರನ್ನೂ ಕೇಳುತ್ತಿಲ್ಲ, ಅಲ್ಲಿ ಫುಲ್‌ಸ್ಟಾಪೇ ಸರಿ.

ಅಪಾಸ್ಟ್ರಫಿ ಎಂಬ ಮೇಲಿನ ಕೊಕ್ಕೆಯನ್ನಂತೂ ನಮ್ಮೂರಲ್ಲಿ ಒಗ್ಗರಣೆಯ ಸಾಸಿವೆಯ ಹಾಗೆ ಚೆಲ್ಲುತ್ತಾರೆ. ಬಹುವಚನಕ್ಕೆ ಅದು ಬೇಡ, ಬರೀ ಎಸ್ ಸಾಕು. ಪತ್ರದ ಕೊನೆಯ "ಯುವರ್ಸ್ ಫೇತ್‌ಫುಲಿ"ಯಲ್ಲಿ ಯುವರ್ಸ್‌ಗೆ ಕೊಕ್ಕೆ ಇಲ್ಲ, ಫೇತ್‌ಫುಲಿಯ ಎಫ್ ಸಣ್ಣದು. ನಾನೇ ಎಷ್ಟು ನೂರು ಪತ್ರಗಳಲ್ಲಿ ಎರಡನ್ನೂ ಕೆಡಿಸಿದ್ದೇನೋ. "ಇಟ್ಸ್" ಮಾತ್ರ ನಿಜವಾಗಿ ಕಾಡುವ ಪದ, ಕೊಕ್ಕೆ ಇದ್ದರೂ ಇಲ್ಲದಿದ್ದರೂ ಕಿವಿಗೆ ಒಂದೇ. ಬಿಡಿಸಿ "ಇಟ್ ಈಸ್" ಅಥವಾ "ಇಟ್ ಹ್ಯಾಸ್" ಎಂದು ಓದಿದರೆ ಅರ್ಥ ಕೂಡಿತೋ, ಕೊಕ್ಕೆ ಹಾಕುತ್ತೇನೆ, ಕೂಡದಿದ್ದರೆ ಇಲ್ಲ.

ಸ್ಪೆಲ್ಲಿಂಗ್‌ನಲ್ಲಿ ನಮಗೆ ಕಿವಿಯೇ ಶತ್ರು. ಅಂದಂತೆ ಬರೆದು ಬರೆದಂತೆ ಓದುವ ಭಾಷೆಯಿಂದ ಹೋದವರು ನಾವು. ಕ್ಯಾಕ್ಸ್ಟನ್ ಎಂಬ ಮುದ್ರಕ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣ ತಂದ. ಅಚ್ಚಿನಲ್ಲಿ ಬರಹ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು, ನಾಲಿಗೆ ಮಾತ್ರ ಬದಲಾಗುತ್ತಲೇ ಇತ್ತು. ನೈಫ್‌ನ ಕೆ ಒಂದು ಕಾಲಕ್ಕೆ ಉಚ್ಚಾರವಾಗುತ್ತಿತ್ತು. ಡೆಟ್‌ನ ಬಿ ಅಂತೂ ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ತುರುಕಿದ್ದು.

ಹಾಗಾಗಿ ನಾನು ಉಲ್ಟಾ ದಾರಿ ಹಿಡಿದೆ: ಕಾಗದದಲ್ಲಿರುವಂತೆಯೇ ಕನ್ನಡದ ಬಾಯಲ್ಲಿ ತಪ್ಪು ತಪ್ಪಾಗಿ ಓದುವುದು. ವೆಡ್-ನೆಸ್-ಡೇ. ಗವರ್ನ್-ಮೆಂಟ್. ಸೆ-ಪಾ-ರೇಟ್. ಬಾಯಲ್ಲಿ ಹಾಗೆ ಅಂದುಕೊಂಡರೆ ಬೆರಳು ತಪ್ಪುವುದಿಲ್ಲ. ಜೋಡಿ ಅಕ್ಷರಗಳನ್ನು ಎಣಿಸಿಕೊಂಡೆ: ಅಕಾಮಡೇಶನ್‌ಗೆ ಎರಡು ಸಿ, ಎರಡು ಎಂ; ಕಮಿಟಿಗೆ ಎಂ, ಟಿ, ಇ ಮೂರೂ ಜೋಡಿ; ನಮ್ಮ ಅನ್ನದ ಪದವಾದ ಅಫಿಡವಿಟ್‌ಗೆ ಎರಡು ಎಫ್, ಕೊನೆಗೆ ಟಿ, ಡಿ ಅಲ್ಲ.

ಶಾಲೆಯಲ್ಲಿ ಹೇಳುವ "ಇ-ಗಿಂತ ಮೊದಲು ಐ, ಸಿ ಆದಮೇಲೆ ಮಾತ್ರ ಇ ಮೊದಲು" ಎಂಬ ಸೂತ್ರ ರಿಸೀವ್, ಸೀಲಿಂಗ್‌ಗಳಿಗೆ ಆಗಿಬರುತ್ತದೆ. ಫಾರಿನ್, ಹೈಟ್, ಸೀಝ್‌ಗಳ ಹತ್ತಿರ ಕೈಕೊಡುತ್ತದೆ. ಅದಕ್ಕಿಂತ ನನಗೆ ಒದಗಿದ್ದು ಒತ್ತಿನ ಲೆಕ್ಕ. ವಿಸಿಟ್‌ಗೆ ಕೊನೆಗೆ ಇ-ಡಿ ಸೇರಿಸಿದರೆ ಒಂದೇ ಟಿ, ಸಂಭವಿಸು ಎಂಬರ್ಥದ ಅಕರ್‌ಗೆ ಸೇರಿಸಿದರೆ ಎರಡು ಆರ್, ಯಾಕೆ? ವಿಸಿಟ್ ಅನ್ನುವಾಗ ಒತ್ತು ಮೊದಲ ತುಂಡಿನ ಮೇಲೆ, ಅಕರ್‌ನಲ್ಲಿ ಕೊನೆಯ ತುಂಡಿನ ಮೇಲೆ. ಕೊನೆಗೆ ಒಂದೇ ಸ್ವರ, ಒಂದೇ ವ್ಯಂಜನವಿದ್ದು ಅಲ್ಲೇ ಒತ್ತು ಬಿದ್ದರೆ ಆ ವ್ಯಂಜನ ಜೋಡಿ. ರೆಫರ್ಡ್‌ಗೆ ಎರಡು ಆರ್, ರೆಫರೆನ್ಸ್‌ನಲ್ಲಿ ಒತ್ತು ಹಿಂದಕ್ಕೆ ಜಾರುವುದರಿಂದ ಒಂದೇ. ನಮ್ಮ ಕಿವಿಗೆ ಈ ಒತ್ತು ಸುಲಭಕ್ಕೆ ಸಿಗುವುದಿಲ್ಲ. ನಿಘಂಟಿನಲ್ಲಿ ಒತ್ತಿನ ತುಂಡು ಶುರುವಾಗುವ ಮೊದಲು ಮೇಲೊಂದು ಸಣ್ಣ ಗೀಟು ಇರುತ್ತದೆ, ಅದನ್ನು ನೋಡುತ್ತೇನೆ. ಟ್ರಾವೆಲ್‌ನಂಥ ಎಲ್ ಕೊನೆಯ ಪದಗಳಿಗೆ ಮಾತ್ರ ಬ್ರಿಟಿಷರು ಈ ಲೆಕ್ಕ ಮೀರಿ ಎರಡು ಎಲ್ ಹಾಕುತ್ತಾರೆ, ಅಮೆರಿಕದವರು ಒಂದೇ. ನಮ್ಮ ಕಚೇರಿಗಳದ್ದು ಬ್ರಿಟಿಷ್ ದಾರಿ. ಕಂಪ್ಯೂಟರಿನ ಭಾಷೆ ಅಮೆರಿಕದ್ದಾಗಿದ್ದರೆ ಯು ಇರುವ ಕಲರ್ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತದೆ, ಅದಕ್ಕೆ ಹೆದರಿ ಯು ತೆಗೆಯುವ ಹುಡುಗರನ್ನು ನೋಡಿದ್ದೇನೆ. ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷ್ ಇಂಡಿಯಾ ಎಂದು ಬದಲಿಸಿಕೊಂಡರೆ ಆಯಿತು.

ಈಗಲೂ ಪತ್ರ ಮುಗಿದಮೇಲೆ ಕೊನೆಯ ಪದದಿಂದ ಮೊದಲ ಪದದವರೆಗೆ ಹಿಮ್ಮುಖವಾಗಿ ಒಂದು ಸಲ ಓದುತ್ತೇನೆ. ಅರ್ಥ ಹಿಡಿದು ಓದಿದರೆ ಕಣ್ಣು ಹಾರಿಬಿಡುತ್ತದೆ, ಹಿಂದಿನಿಂದ ಬಂದರೆ ಒಂದೊಂದು ಪದವೂ ಸಿಕ್ಕಿಬೀಳುತ್ತದೆ. ತುಟಿ ಅಲ್ಲಾಡಿಸುತ್ತಾ ವೆಡ್-ನೆಸ್-ಡೇ ಅನ್ನುವುದು ಎದುರು ಕೂತವರಿಗೆ ಕೇಳಿಸುತ್ತದೆ. ಮೊನ್ನೆ ಪಿಯುಸಿ ಓದುವ ಹುಡುಗಿಯೊಬ್ಬಳು ಅರ್ಜಿ ತೆಗೆದುಕೊಂಡು, "ಅಂಕಲ್, ಅದು ವೆನ್ಸ್‌ಡೇ" ಎಂದು ತಿದ್ದಿದಳು. ಹೌದಮ್ಮ ಅಂದೆ.