ಅರಗಿನ ಮನೆಯಿಂದ ಕೋಲಾರದ ಗಣಿಯವರೆಗೆ: ನಾನು ಚೀಟಿ ಪೋಣಿಸಿದ್ದು

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಆದಮೇಲೆ ಒಬ್ಬರು ಸುದ್ದಿ ಓದುತ್ತಾರೆ, ಇನ್ನೊಬ್ಬರು ಐದು ಸಾಮಾನ್ಯ ಜ್ಞಾನದ ಪ್ರಶ್ನೆ ಓದುತ್ತಾರೆ. ಗೈಡಿನಿಂದ ಬರೆದುಕೊಂಡು ಬಂದ ಪ್ರಶ್ನೆಗಳು. ಒಂದು ನದಿ, ಒಂದು ರಾಜಧಾನಿ, ಒಬ್ಬ ವಿಜ್ಞಾನಿ. ಬಿಸಿಯೂಟದ ಹೊತ್ತಿಗೆ ಕೇಳಿದರೆ ಯಾರಿಗೂ ಒಂದೂ ನೆನಪಿರುತ್ತಿರಲಿಲ್ಲ. ಅದೇ ಮಕ್ಕಳು ಅಂತ್ಯಾಕ್ಷರಿಗೆ ಕೂತರೆ ಗಂಟೆಗಟ್ಟಲೆ ಹಾಡು ಹೊರಗೆ ಬರುತ್ತದೆ. ಹಿಂದಿನ ಹಾಡಿನ ಬಾಲ ಹಿಡಿದು ಮುಂದಿನದು ಬರುತ್ತದೆ, ಅಲ್ವಾ? ವಿಷಯಗಳನ್ನೂ ಹಾಗೇ ಪೋಣಿಸಿದರೆ ಹೇಗೆ ಅನ್ನಿಸಿತು.

ಮದುವೆ ಕರೆಯೋಲೆಗಳ ಖಾಲಿ ಬದಿಯನ್ನು ಕತ್ತರಿಸಿ ಚೀಟಿ ಮಾಡಿದೆ. ಒಂದು ಚೀಟಿಗೆ ಒಂದೇ ವಿಷಯ. ಹಿಂಬದಿಯಲ್ಲಿ ಅದನ್ನು ಎಲ್ಲಿ ನೋಡಿ ಖಚಿತ ಮಾಡಿಕೊಂಡೆ ಅನ್ನುವುದು. ತರಗತಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ದಾರ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿದೆ. ದಿನಕ್ಕೆ ಒಂದು ಚೀಟಿ, ಸೋಮವಾರದಿಂದ. ಸರ ಮುಗಿದ ಮೇಲೆ ಬರುವ ಶನಿವಾರ ಮಕ್ಕಳು ಕೊನೆಯ ಚೀಟಿಯಿಂದ ಹಿಂದಕ್ಕೆ ಹೇಳುತ್ತಾ ಮೊದಲನೆಯದಕ್ಕೆ ಬರಬೇಕು. ನಮ್ಮ ಕನ್ನಡ ಮೇಡಂ ನೋಡಿ, "ಇದು ಮುಕ್ತಪದಗ್ರಸ್ತ ಅಲ್ವಾ ಸರ್?" ಎಂದರು. ಒಂದು ಸಾಲಿನ ಕೊನೆಯ ಪದವೇ ಮುಂದಿನ ಸಾಲಿನ ಮೊದಲ ಪದವಾಗುವ ಅಲಂಕಾರ ಅದು. ಅವತ್ತಿಗೆ ಅವರೂ ಜೊತೆಯಾದರು.

ಮೊದಲ ಸರ ಒಂದು ಬುಗುರಿಯಿಂದ ಶುರುವಾಯಿತು. ಚನ್ನಪಟ್ಟಣದ ಕೆಂಪು ಬುಗುರಿ. ಒಬ್ಬಳು ಹುಡುಗಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದಳು. ಅದರ ಬಣ್ಣವನ್ನು ಕುಂಚದಿಂದ ಬಳಿದಿರುವುದಿಲ್ಲ. ನಾನು ಚನ್ನಪಟ್ಟಣದಲ್ಲಿ ಹತ್ತಿರ ಕೂತು ನೋಡಿದ್ದೇನೆ. ಹಾಲೆ ಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಕುಶಲಕರ್ಮಿ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಂದು ಒಣ ತಾಳೆಗರಿಯನ್ನು ಒತ್ತಿದರೆ ಮಂಕಾಗಿದ್ದ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತದೆ. ಬುಗುರಿಯನ್ನು ಕೈಯಿಂದ ಕೈಗೆ ದಾಟಿಸಿ ಇದನ್ನು ಹೇಳಿದೆ. ಎಲ್ಲರೂ ಒಮ್ಮೆ ಉಗುರಿನಿಂದ ಕೆರೆದು ನೋಡಿದರು.

ಎರಡನೇ ಚೀಟಿ ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆ ಎಲ್ಲರಿಗೂ ಗೊತ್ತು. ಅರಗು ಎಂದರೆ ಏನು ಅಂತ ಕೇಳಿದರೆ ಗೊತ್ತಿಲ್ಲ. ಮುತ್ತುಗದಂಥ ಮರಗಳ ರೆಂಬೆಗೆ ಅಂಟಿ ಬದುಕುವ ಒಂದು ಪುಟ್ಟ ಕೀಟ ಸುರಿಸುವ ಅಂಟು ಅದು. ಬಿಸಿಗೆ ಕರಗುತ್ತದೆ, ಬೆಂಕಿಗೆ ಉರಿಯುತ್ತದೆ. ಬುಗುರಿಗೆ ಹತ್ತುವುದಕ್ಕೂ ಆ ಮನೆ ಉರಿಯುವುದಕ್ಕೂ ಕಾರಣ ಈ ಅಂಟೇ ಅಂತ ತಿಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು.

ಮೂರನೆಯದು ಹಳೆಯ ಗ್ರಾಮಫೋನ್ ತಟ್ಟೆ. ಪ್ಲಾಸ್ಟಿಕ್ ತಟ್ಟೆಗಳು ಬರುವ ಮುಂಚೆ ಅವನ್ನು ಇದೇ ಅರಗಿನಿಂದ ಮಾಡುತ್ತಿದ್ದರು. ಕೈತಪ್ಪಿ ಬಿದ್ದರೆ ಒಡೆದು ಹೋಗುತ್ತಿದ್ದುದು ಅದಕ್ಕೇ. ಒಂದು ಬದಿಗೆ ಸುಮಾರು 3 ನಿಮಿಷದ ಹಾಡು ಮಾತ್ರ.

ನಾಲ್ಕನೆಯದು ಗಾಯಕಿ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಅವರ ಹಾಡು ಗ್ರಾಮಫೋನ್ ತಟ್ಟೆಗಾಗಿ ಧ್ವನಿಮುದ್ರಣವಾಯಿತು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಯಲ್ಲಿ "ನನ್ನ ಹೆಸರು ಗೌಹರ್ ಜಾನ್" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ಗಾಯಕಿ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಇಲ್ಲಿಂದ ಮುಂದೆ ನಾನು ಎಡವಿದೆ. ಸರ ಶಿವನಸಮುದ್ರಕ್ಕೆ ಹೋಗಬೇಕು ಅಂತ ನನಗೆ ಆಸೆ. ಅದಕ್ಕೆ ಐದನೇ ಚೀಟಿಯಲ್ಲಿ "ನಾಲ್ವಡಿಯವರು ಶಿವನಸಮುದ್ರದ ವಿದ್ಯುದಾಗಾರ ಕಟ್ಟಿಸಿದರು" ಎಂದು ಬರೆದೆ. ಚೀಟಿಯ ಹಿಂಬದಿ ಖಾಲಿ ಇತ್ತು. ಒಂಬತ್ತನೇ ತರಗತಿಯ ಹುಡುಗ ಅದನ್ನು ತಿರುಗಿಸಿ ನೋಡಿ, "ಸರ್, ಇದನ್ನು ಎಲ್ಲಿ ನೋಡಿದ್ರಿ?" ಎಂದು ಕೇಳಿದ. ಸಂಜೆ ಕೂತು ಹುಡುಕಿದೆ. ಅಲ್ಲಿ ವಿದ್ಯುತ್ ಉತ್ಪಾದನೆ ಶುರುವಾದದ್ದು 1902ರ ಜೂನ್. ನಾಲ್ವಡಿಯವರಿಗೆ ಪೂರ್ಣ ಅಧಿಕಾರ ಸಿಕ್ಕಿದ್ದು ಅದೇ ವರ್ಷದ ಆಗಸ್ಟ್. 1895ರಿಂದ ಅಲ್ಲಿಯವರೆಗೆ ರಾಜ್ಯ ನಡೆಸಿದವರು ಅವರ ತಾಯಿ, ವಾಣಿವಿಲಾಸ ಸನ್ನಿಧಾನ. ಯೋಜನೆಯ ಹಿಂದೆ ಇದ್ದವರು ದಿವಾನ್ ಶೇಷಾದ್ರಿ ಅಯ್ಯರ್.

ಆ ಚೀಟಿ ನನಗೆ ತುಂಬಾ ಕಲಿಸಿತು. ಬಿಡಿ ವಿಷಯ ಬರೆಯುವಾಗ ನಾನು ಇಂಥ ತಪ್ಪು ಮಾಡುತ್ತಿರಲಿಲ್ಲ. ಕೊಂಡಿ ಕೂಡಬೇಕು ಅನ್ನುವ ಆತುರದಲ್ಲಿ ವಿಷಯವನ್ನೇ ಸ್ವಲ್ಪ ಬಗ್ಗಿಸಿಬಿಟ್ಟಿದ್ದೆ. ಮಾರನೇ ದಿನ ತಪ್ಪು ಚೀಟಿ ತೆಗೆದು, ಅದೇ ಜಾಗಕ್ಕೆ ವಾಣಿವಿಲಾಸರ ಚೀಟಿ ಹಾಕಿದೆ. ಮಗನಿಂದ ತಾಯಿಗೆ, ತಾಯಿಯಿಂದ ಶಿವನಸಮುದ್ರಕ್ಕೆ. ಕೊಂಡಿ ಮೊದಲಿಗಿಂತ ಗಟ್ಟಿಯಾಯಿತು. ಅಂದಿನಿಂದ ಹಿಂಬದಿ ಖಾಲಿ ಇರುವ ಚೀಟಿ ದಾರಕ್ಕೆ ಏರುವುದಿಲ್ಲ.

"ಮೊಟ್ಟಮೊದಲ" ಅನ್ನುವ ಪದ ಕಂಡರೂ ಈಗ ನಿಲ್ಲುತ್ತೇನೆ. 1905ರಲ್ಲಿ ದೀಪ ಹತ್ತಿದ ಬೆಂಗಳೂರು ಏಷ್ಯಾದಲ್ಲೇ ಮೊದಲು ಬೀದಿದೀಪ ಕಂಡ ಊರು ಅಂತ ಎಲ್ಲ ಕಡೆ ಬರೆಯುತ್ತಾರೆ. ಟೋಕಿಯೋದ ಗಿಂಝಾ ಬೀದಿಯಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತು. ಶಿವನಸಮುದ್ರವೇ ದೇಶದ ಮೊದಲ ಜಲವಿದ್ಯುತ್ ಕೇಂದ್ರ ಅಂತಲೂ ಬರೆಯುತ್ತಾರೆ. ಡಾರ್ಜಿಲಿಂಗ್ ಪಕ್ಕದ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ನೀರಿನಿಂದ ವಿದ್ಯುತ್ ತೆಗೆದಿದ್ದರು. ಶಿವನಸಮುದ್ರದ ದೊಡ್ಡಸ್ತಿಕೆ ಬೇರೆ. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಆ ಕಾಲಕ್ಕೆ ಅದು ಬಹಳ ದೂರ. ಅರಮನೆಗಿಂತ, ಬೆಂಗಳೂರಿಗಿಂತ ಮುಂಚೆ ಕರೆಂಟ್ ಹೋದದ್ದು ಗಣಿಗೆ. ಅದಿರು ಕುಟ್ಟುವ ಯಂತ್ರಗಳಿಗೆ ಅದು ಬೇಕಿತ್ತು, ಗಣಿ ಕಂಪನಿಗೆ ದುಡ್ಡು ಕೊಡುವ ಶಕ್ತಿಯೂ ಇತ್ತು.

ಕೊನೆಯ ಚೀಟಿ ನನಗೆ ಬಹಳ ಇಷ್ಟದ್ದು. ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ. 1965ರಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ ಉಪಕರಣ ಇಟ್ಟ ವಿಜ್ಞಾನಿಗಳಿಗೆ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಸಿಕ್ಕಿತು. ಅದೂ ಚಿನ್ನದ ಗಣಿಯೇ. ಆಕಾಶದಿಂದ ಬರುವುದನ್ನು ಹುಡುಕಲು ಪಾತಾಳಕ್ಕೆ ಯಾಕೆ ಇಳಿಯಬೇಕು? ಮೇಲಿನಿಂದ ಬೇರೆ ಕಣಗಳೂ ಸುರಿಯುತ್ತಲೇ ಇರುತ್ತವೆ. ಅಷ್ಟು ದಪ್ಪ ಬಂಡೆ ಅವುಗಳಲ್ಲಿ ಹೆಚ್ಚು ಕಡಿಮೆ ಎಲ್ಲವನ್ನೂ ತಡೆಯುತ್ತದೆ. ನ್ಯೂಟ್ರಿನೋ ಮಾತ್ರ ತೂರಿಕೊಂಡು ಬರುತ್ತದೆ. ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬಳು, "ಜರಡಿ ಥರಾನಾ ಸರ್?" ಎಂದಳು. ಹೌದು, ಜರಡಿ ಥರಾನೇ. ಅವಳ ಮಾತನ್ನೇ ಚೀಟಿಯಲ್ಲಿ ಬರೆದೆ.

ಶನಿವಾರ ಅವರು ಹಿಂದಕ್ಕೆ ಹೇಳುತ್ತಾ ಬಂದರು. ನ್ಯೂಟ್ರಿನೋದಿಂದ ಗಣಿಗೆ, ಗಣಿಯಿಂದ ನೀರಿಗೆ, ರಾಣಿಯಿಂದ ರಾಜನಿಗೆ, ಗಾಯಕಿಯಿಂದ ಅರಗಿಗೆ, ಬುಗುರಿಗೆ. ಎರಡು ಕಡೆ ಮಾತ್ರ ತಡವರಿಸಿದರು. ಆ ಎರಡೂ ಕಡೆ ನಾನು ಕಾರಣ ಹೇಳದೆ ಇಸವಿ ಮಾತ್ರ ಕೊಟ್ಟಿದ್ದೆ. "ಅದೇ ವರ್ಷ ಇದೂ ಆಯಿತು" ಅನ್ನುವ ಕೊಂಡಿ ಮಕ್ಕಳ ತಲೆಯಲ್ಲಿ ನಿಲ್ಲುವುದಿಲ್ಲ. "ಅದಕ್ಕೇ ಇದಾಯಿತು" ಅಥವಾ "ಅದನ್ನೇ ಇದಕ್ಕೂ ಬಳಸಿದರು" ಅಂದರೆ ನಿಲ್ಲುತ್ತದೆ. ಈಗ ಮೊದಲು ಕೊಂಡಿ ಹುಡುಕುತ್ತೇನೆ, ಇಸವಿ ಆಮೇಲೆ.

ಈಗ ಸರ ಶುರುಮಾಡುವವರು ಮಕ್ಕಳೇ. ಮನೆಯಲ್ಲಿ ಕೈಗೆ ಸಿಕ್ಕ ಒಂದು ವಸ್ತು ತರಬೇಕು, ಅಷ್ಟೇ. ಒಬ್ಬ ಒಣಮೆಣಸಿನಕಾಯಿ ತಂದ. ಅದು ಅಮೆರಿಕ ಖಂಡದ್ದು, ಪೋರ್ಚುಗೀಸರು ಇಲ್ಲಿಗೆ ತಂದದ್ದು. ಅದಕ್ಕೂ ಮುಂಚೆ ನಮ್ಮ ಖಾರ ಕರಿಮೆಣಸು. ಮೆಣಸಿನಂತೆ ಖಾರ ಇರುವ ಕಾಯಿ ಅಂತಲೇ ಹೊಸದಕ್ಕೆ ಆ ಹೆಸರು. ಅಲ್ಲಿಂದ ಮಕ್ಕಳೇ ಸರವನ್ನು ಗೇರುಸೊಪ್ಪೆಗೆ ಒಯ್ದರು. ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಕರಿಮೆಣಸಿನ ರಾಣಿ ಎಂದು ಕರೆದವರೂ ಪೋರ್ಚುಗೀಸರೇ. ಅಲ್ಲಿಂದ ಚಾವಿಗೆ. ಅದು ಪೋರ್ಚುಗೀಸ್ ಪದ.

ಮೊದಲ ಸರ ಇನ್ನೂ ಗೋಡೆಯ ಮೇಲಿದೆ. ಕಳೆದ ವಾರ ಬುಗುರಿ ತಂದ ಹುಡುಗಿ ಗ್ರಾಮಫೋನ್ ಚೀಟಿಯಿಂದ ಕೆಳಕ್ಕೆ ಇನ್ನೊಂದು ದಾರ ಇಳಿಬಿಟ್ಟಳು. ಗ್ರಾಮಫೋನ್ ಕಂಡುಹಿಡಿದ ಎಮಿಲ್ ಬರ್ಲಿನರ್ ಹುಟ್ಟಿದ್ದು 1851ರಲ್ಲಿ, ಜರ್ಮನಿಯ ಹ್ಯಾನೋವರ್‌ನಲ್ಲಿ. ಕಲ್ಕತ್ತದಲ್ಲಿ ಧ್ವನಿಮುದ್ರಿಸಿದ ಗೌಹರ್ ಜಾನ್ ಹಾಡುಗಳ ತಟ್ಟೆಗಳನ್ನು ಒತ್ತಿ ತೆಗೆದದ್ದೂ ಹ್ಯಾನೋವರ್‌ನಲ್ಲೇ. 1982ರ ಆಗಸ್ಟ್‌ನಲ್ಲಿ ಸಿಡಿಗಳ ತಯಾರಿಕೆ ಶುರುವಾದದ್ದು ಅದೇ ಊರಿನ ಪಕ್ಕದ ಕಾರ್ಖಾನೆಯಲ್ಲಿ. ಮೂರೂ ಚೀಟಿಗಳ ಹಿಂಬದಿ ತುಂಬಿಸಿಯೇ ತಂದಿದ್ದಳು.