ಐದು ಗ್ಲಾಸು, ನಾಲ್ಕು ಬಾಟಲಿ: ಹಳೆಯ ರಮ್, ವಿಸ್ಕಿಗೆ ಅಂಕ ಕೊಡುವ ಬಗೆ

ಬಾಟಲಿ ನಾಲ್ಕಿದ್ದರೆ ಗ್ಲಾಸು ಐದು ಇಡಬೇಕು. ಐದನೆಯದರಲ್ಲಿ ಇರುವುದು ಆ ನಾಲ್ಕರಲ್ಲೇ ಒಂದು. ಯಾವುದೆಂದು ಸುರಿದವರಿಗೆ ಬಿಟ್ಟು ಯಾರಿಗೂ ಗೊತ್ತಿರಬಾರದು. ಒಂದೇ ರಮ್ಮಿಗೆ ಒಂದು ಗ್ಲಾಸಿನಲ್ಲಿ 84, ಇನ್ನೊಂದರಲ್ಲಿ 76 ಕೊಟ್ಟಿರಿ ಎಂದುಕೊಳ್ಳಿ. ಆವತ್ತಿನ ಪಟ್ಟಿಯಲ್ಲಿ 8 ಅಂಕದೊಳಗಿನ ಯಾವ ವ್ಯತ್ಯಾಸಕ್ಕೂ ಅರ್ಥವಿಲ್ಲ. ಈ ಕಳ್ಳ ಗ್ಲಾಸು ಇಲ್ಲದೆ ಮಾಡಿದ ಪಟ್ಟಿಯಲ್ಲಿ ಮೇಲೆ ಬರುವುದು ಬಾಟಲಿಯ ಅಂದ, ಅದರ ಬೆಲೆ, ಮತ್ತು ದುಬೈನಿಂದ ಅದನ್ನು ಹೊತ್ತು ತಂದ ಭಾವನ ಮುಲಾಜು.

ಯಾವುದರ ಪಕ್ಕ ಯಾವುದು

ಒಂದು ಕೂಟಕ್ಕೆ ಒಂದೇ ಜಾತಿ. ಕಾಕಂಬಿಯ ರಮ್ ಜೊತೆ ರಮ್, ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಬಾರ್ಲಿ ವಿಸ್ಕಿ) ಜೊತೆ ಸಿಂಗಲ್ ಮಾಲ್ಟ್, ಕೊನ್ಯಾಕ್ (ಫ್ರಾನ್ಸಿನ ಬ್ರಾಂದಿ) ಜೊತೆ ಕೊನ್ಯಾಕ್. ನಮ್ಮ ಅಂಗಡಿಗಳಲ್ಲಿ ವಿಸ್ಕಿ ಎಂದು ಸಿಗುವ ಅಗ್ಗದ ಬಾಟಲಿಗಳಲ್ಲಿ ಬಹುಪಾಲು ಕಾಕಂಬಿ ಅಥವಾ ಧಾನ್ಯದಿಂದ ತೆಗೆದ, ತನ್ನದೇ ರುಚಿಯಿಲ್ಲದ ನ್ಯೂಟ್ರಲ್ ಸ್ಪಿರಿಟ್ಟೇ ಇರುತ್ತದೆ. ಅದನ್ನು ಸಿಂಗಲ್ ಮಾಲ್ಟ್ ಪಕ್ಕ ಇಟ್ಟು ಸೋಲಿಸುವುದರಿಂದ ಕಲಿಯುವಂಥದ್ದು ಏನೂ ಇಲ್ಲ. ಹೊಗೆ ಹಿಡಿಸಿದ ಪೀಟ್ ವಿಸ್ಕಿಯನ್ನೂ ಜಮೈಕಾದ ಕಡು ವಾಸನೆಯ ರಮ್ಮನ್ನೂ ಸಾಲಿನ ಕೊನೆಗೇ ಇಡಿ. ಅವು ಒಮ್ಮೆ ಬಾಯಿಗೆ ಬಂದವೆಂದರೆ ಆಮೇಲಿನದೆಲ್ಲ ಸಪ್ಪೆ.

ಲೇಬಲ್ಲಿನ ವಯಸ್ಸನ್ನು ನಂಬುವಾಗ ಸ್ವಲ್ಪ ಲೆಕ್ಕ ಹಾಕಿ. ಸ್ಕಾಚಿನ ಮೇಲೆ 12 ಎಂದಿದ್ದರೆ ಅದರೊಳಗಿನ ಅತಿ ಎಳೆಯ ಹನಿಗೂ 12 ವರ್ಷ ತುಂಬಿರಬೇಕು. ಹಳೆಯದಕ್ಕೆ ಎಳೆಯದನ್ನು ಬೆರೆಸುತ್ತ ಹೋಗುವ ಸೊಲೆರಾ ರಮ್ಮಿನ ಮೇಲಿರುವ ಸಂಖ್ಯೆ ಹಾಗಲ್ಲ: ಗ್ವಾಟೆಮಾಲಾದ ಸಕಾಪಾ 23ರಲ್ಲಿ 6 ವರ್ಷದ ರಮ್ಮೂ ಸೇರಿರುತ್ತದೆ. ರಮ್ ಬಾಟಲಿಯ ಮೇಲಿನ ಮೂರು ಎಕ್ಸ್ ವಯಸ್ಸೇ ಅಲ್ಲ. ಕೊನ್ಯಾಕಿನಲ್ಲಿ ವಿಎಸ್ ಎಂದರೆ ಕನಿಷ್ಠ 2 ವರ್ಷ, ವಿಎಸ್‌ಒಪಿ 4, ಎಕ್ಸ್‌ಒ 2018ರಿಂದೀಚೆಗೆ 10.

ಸೆಖೆಯ ಲೆಕ್ಕ ಬೇರೆಯೇ ಇದೆ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ನೂರಕ್ಕೆ 2 ಭಾಗ ಆವಿಯಾದರೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ 10ರಿಂದ 12 ಭಾಗ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ 100 ಲೀಟರ್ 12 ವರ್ಷ ಕೂತರೂ 78 ಲೀಟರ್ ಉಳಿಯುತ್ತದೆ. ಇಲ್ಲಿ ನೂರಕ್ಕೆ 11ರಂತೆ 8 ವರ್ಷ ಕಳೆದರೆ 39 ಲೀಟರ್ ಮಾತ್ರ. ಮರದ ಸಾರ ಇಳಿಯುವುದೂ ಇಲ್ಲಿ ಬೇಗ. ಆದ್ದರಿಂದ ನಮ್ಮ 5 ವರ್ಷದ ಮಾಲ್ಟನ್ನು ಅವರ 12ರ ಪಕ್ಕ ಇಡುವುದರಲ್ಲಿ ಸಂಕೋಚ ಬೇಡ. 2010ರ ವಿಸ್ಕಿ ಬೈಬಲ್‌ನಲ್ಲಿ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್ನನ್ನು ಜಗತ್ತಿನ ಮೂರನೆಯ ಸ್ಥಾನದಲ್ಲಿ ಇಟ್ಟಿದ್ದರು. ಅದರ ಮೇಲೆ ವಯಸ್ಸೇ ಬರೆದಿರುವುದಿಲ್ಲ.

ಲೇಬಲ್ ಇಲ್ಲದ ಸರಕು, ಕಳ್ಳಭಟ್ಟಿ, ಮುಚ್ಚಳ ಅಲುಗಾಡುವ ಬಾಟಲಿ ಈ ಮೇಜಿಗೆ ಬರಲೇಬಾರದು. ಮೆಥನಾಲ್ ಎಂಬ ವಿಷವನ್ನು ಎಂಥ ಪಳಗಿದ ಮೂಗೂ ಹಿಡಿಯಲಾರದು.

ಕೋಣೆ, ಗ್ಲಾಸು, ನೀರು

ಬೆಳಗ್ಗೆ 11ರ ಹೊತ್ತು ಮೂಗು ಚುರುಕಾಗಿರುತ್ತದೆ. ಅದು ಆಗದಿದ್ದರೆ ಸಂಜೆ, ಊಟಕ್ಕೆ ಮೊದಲು. ಮಧ್ಯಾಹ್ನ ಖಾರದ ಬಸ್ಸಾರು, ಮಟನ್ ಸಾರು ಆಗಿದ್ದರೆ ಎರಡು ಗಂಟೆ ಬಿಡಿ. ಮೆಣಸಿನಕಾಯಿ ಕೆರಳಿಸುವ ನರವನ್ನೇ ಆಲ್ಕೋಹಾಲೂ ಕೆರಳಿಸುತ್ತದೆ. ಒಳ್ಳೆಯ ವಿಸ್ಕಿಯೂ ಬರೀ ಉರಿ ಎನಿಸುತ್ತದೆ. ಊದುಬತ್ತಿ, ಸೊಳ್ಳೆಬತ್ತಿ, ಒಗ್ಗರಣೆ, ತಲೆಗೆ ಹಚ್ಚಿದ ಎಣ್ಣೆ, ಸೆಂಟು ಯಾವುದೂ ಕೋಣೆಯಲ್ಲಿ ಇರಬಾರದು. ಕೋಣೆ 20ರಿಂದ 25 ಡಿಗ್ರಿ ಇದ್ದರೆ ಸರಿ. ಏಪ್ರಿಲ್‌ನಲ್ಲಿ ತುಮಕೂರಿನ ತಾರಸಿ ಮನೆಯೊಳಗೆ ಅಷ್ಟಕ್ಕೆ ಇಳಿಯುವುದಿಲ್ಲ. ಆಗ ಬಾಟಲಿಗಳನ್ನು ಕಾಲು ಗಂಟೆ ಮಡಕೆಯ ನೀರಿನಲ್ಲಿ ನಿಲ್ಲಿಸಿ. ಐಸ್ ಬೇಡ, ಅದು ವಾಸನೆಯನ್ನೇ ಮಲಗಿಸಿಬಿಡುತ್ತದೆ.

ಗ್ಲಾಸು ಹೊಟ್ಟೆ ಅಗಲ, ಬಾಯಿ ಕಿರಿದು ಇರಲಿ. ಗ್ಲೆನ್‌ಕೇರ್ನ್ ಎಂಬ ವಿಸ್ಕಿ ಗ್ಲಾಸು ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ಸಾಕು. ಸ್ಟೀಲ್ ಲೋಟದ ಅಗಲ ಬಾಯಲ್ಲಿ ಘಮವೆಲ್ಲ ಹಾರಿಹೋಗುತ್ತದೆ. ನಿಂಬೆ ವಾಸನೆಯ ಪಾತ್ರೆ ಸೋಪು ಮುಟ್ಟಿಸದೆ ಬಿಸಿನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಅಡುಗೆಮನೆ ಬಟ್ಟೆಯಲ್ಲಿ ಒರೆಸಬೇಡಿ. ಸುರಿಯುವ ಮೊದಲು ಖಾಲಿ ಗ್ಲಾಸನ್ನು ಒಮ್ಮೆ ಮೂಸಿ. ಬೀರುವಿನಲ್ಲಿ ಬೋರಲು ಹಾಕಿಟ್ಟ ಗ್ಲಾಸು ಬೀರುವಿನದೇ ವಾಸನೆ ಬೀರುತ್ತದೆ.

ನೀರಿನ ವಿಷಯದಲ್ಲೇ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹೆಚ್ಚು ಎಡವುವುದು. ಕೋಲಾರ, ಪಾವಗಡದ ಕಡೆಯ ಬೋರ್‌ವೆಲ್ ನೀರು ಗಡಸು, ಕೆಲವು ಕಡೆ ಉಪ್ಪುಪ್ಪು. ಎರಡು ಚಮಚ ಬಿದ್ದರೂ ಹಿನ್ನಾಲಿಗೆಯಲ್ಲಿ ಸುಣ್ಣದ ರುಚಿ ಕೂರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹೊಸ ಪ್ಲಾಸ್ಟಿಕ್ ಕ್ಯಾನಿನದು ಬೇಡ, ರಾತ್ರಿಯೇ ಗಾಜಿನ ಅಥವಾ ಸ್ಟೀಲ್ ಪಾತ್ರೆಗೆ ಬಗ್ಗಿಸಿಡಿ.

ನೀರನ್ನು ಮೆಡಿಕಲ್ ಶಾಪಿನ 5 ಮಿಲಿ ಸಿರಿಂಜಿನಲ್ಲಿ ಅಳೆಯಿರಿ, ಸೂಜಿ ತೆಗೆದು. ಲೆಕ್ಕ ಸುಲಭ: ಆಲ್ಕೋಹಾಲಿನ ಈಗಿನ ಶೇಕಡಾವನ್ನು ಬೇಕಾದ ಶೇಕಡಾದಿಂದ ಭಾಗಿಸಿ, 1 ಕಳೆದು, ಗ್ಲಾಸಿನಲ್ಲಿರುವ ಮಿಲಿಯಿಂದ ಗುಣಿಸಿ. ನಮ್ಮ ಬಾಟಲಿಗಳ ಮೇಲಿನ 75 ಡಿಗ್ರಿ ಪ್ರೂಫ್ ಅಥವಾ 25 ಯುಪಿ (ಅಂಡರ್ ಪ್ರೂಫ್) ಎಂದರೆ 42.8 ಶೇಕಡಾ. ಅದರ 15 ಮಿಲಿಯನ್ನು 35ಕ್ಕೆ ಇಳಿಸಲು 3.3 ಮಿಲಿ ನೀರು. ನೀರು ಬೆರೆಸದೆ ಪೀಪಾಯಿಯಿಂದ ನೇರ ಬಾಟಲಿಗೆ ಬಂದ 60 ಶೇಕಡಾ ಮದ್ಯದ 15 ಮಿಲಿಯನ್ನು 45ಕ್ಕೆ ತರಲು 5 ಮಿಲಿ. ಬರೀ ಮೂಸಿ ತಪ್ಪು ಹುಡುಕಲು, ಮದ್ಯ ಬೆರೆಸಿ ಹದ ಮಾಡುವ ಬ್ಲೆಂಡರ್‌ಗಳು 20ರ ತನಕ ಇಳಿಸುವುದುಂಟು, ಅದಕ್ಕೆ 42.8ರ 15 ಮಿಲಿಗೆ 17 ಮಿಲಿ ಬೇಕು. ಕುಡಿಯಲು ಅದು ಕೆಲಸಕ್ಕೆ ಬಾರದು, ಆದರೆ ಬಚ್ಚಿಟ್ಟುಕೊಂಡ ದೋಷ ಅಲ್ಲಿ ಹೊರಗೆ ಬರುತ್ತದೆ.

ಸುರಿಯುವವರ ಕೆಲಸ

ಸುರಿಯುವವರು ರುಚಿ ನೋಡಬಾರದು. ಪ್ರತಿ ಗ್ಲಾಸಿಗೆ 15 ಮಿಲಿ ಹಾಕಿ ತಟ್ಟೆ ಮುಚ್ಚಿ. ಎ, ಬಿ, 1, 2 ಎಂದು ಬರೆಯದೆ 417, 862, 539 ಹೀಗೆ ಮೂರಂಕಿ ಚೀಟಿ ಅಂಟಿಸಿ. 1 ಎಂದು ಕಂಡರೆ ಮನಸ್ಸು ಆಗಲೇ ಅದಕ್ಕೆ ಮೊದಲ ಸ್ಥಾನ ಕೊಟ್ಟಿರುತ್ತದೆ. ಗ್ಲಾಸಿನ ಸುತ್ತ ಫಾಯಿಲ್ ಸುತ್ತಿದರೆ ಬಣ್ಣದ ಮೋಸವೂ ತಪ್ಪುತ್ತದೆ. ಸ್ಕಾಚಿಗೂ ರಮ್ಮಿಗೂ ಕ್ಯಾರಮೆಲ್ ಬಣ್ಣ ಸೇರಿಸಲು ಅನುಮತಿಯಿದೆ, ಹಾಗಾಗಿ ಕಡು ಕಂದು ಎಂದರೆ ಮುದಿ ಎಂದೇನೂ ಅಲ್ಲ. ಸುರಿದ ಮೇಲೆ ಹತ್ತು ಹದಿನೈದು ನಿಮಿಷ ಮುಟ್ಟಬೇಡಿ, ಮೇಲಿನ ಘಾಟು ಇಳಿಯಲಿ.

ಉಗುಳಲು ಒಂದು ಚೊಂಬು ಬೇಕೇ ಬೇಕು. ಇಲ್ಲಿ ನಾಚಿಕೆಪಟ್ಟವರ ಕೊನೆಯ ಎರಡು ಗ್ಲಾಸಿನ ಅಂಕ ಲೆಕ್ಕಕ್ಕಿಲ್ಲ. 30 ಮಿಲಿಯ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲಿದೆ, ಐದು ಗ್ಲಾಸು ಪೂರ್ತಿ ನುಂಗಿದರೆ 25 ಗ್ರಾಂ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಉಗುಳಿದರೂ ಸ್ವಲ್ಪ ಒಳಗೆ ಹೋಗಿರುತ್ತದೆ, ಮನೆಗೆ ಬಸ್ಸಿನಲ್ಲೇ ಹೋಗಿ. ನಡುವೆ ಬಾಯಿ ತೊಳೆಯಲು ಉಪ್ಪು ಖಾರ ಹಾಕದ ಪುರಿ, ನೀರು. ಕಾಂಗ್ರೆಸ್ ಕಡಲೆಬೀಜ ಕೆಲಸ ಮುಗಿದ ಮೇಲೆ. (ತಣಿದ ರಾಗಿಮುದ್ದೆಯ, ಅಂಗಿ ಗುಂಡಿಯಷ್ಟು ತುಂಡು ಪುರಿಗಿಂತ ಒಳ್ಳೆಯದು. ನಗುವವರು ನಗಲಿ.)

ಮೂಗಿಗೆ ಮಾತು ಕಲಿಸುವುದು

ಹೀದರ್ ಹೂವು, ಕ್ರಿಸ್‌ಮಸ್ ಪುಡಿಂಗ್ ಎಂದು ವಿದೇಶಿ ಟಿಪ್ಪಣಿಗಳು ಹೇಳುತ್ತವೆ. ಮೂಸಿಯೇ ಇಲ್ಲದ್ದನ್ನು ಮೂಗು ಗುರುತಿಸುವುದು ಹೇಗೆ? ನಿಮ್ಮ ಸಂತೆಯಿಂದಲೇ ಎಂಟು ಹತ್ತು ಸಣ್ಣ ಗಾಜಿನ ಶೀಶೆ ತುಂಬಿಸಿ, ವಾರಕ್ಕೆರಡು ಸಲ ಕಣ್ಣು ಮುಚ್ಚಿ ಮೂಸಿ ಹೆಸರು ಹೇಳಿ.

ತಿಪಟೂರಿನ ಕೊಬ್ಬರಿಯಿಂದ ಶುರು ಮಾಡಿ. ಅಮೆರಿಕನ್ ಓಕ್ ಮರದಲ್ಲಿರುವ ಲ್ಯಾಕ್ಟೋನ್ ಥೇಟ್ ಒಣಕೊಬ್ಬರಿ ವಾಸನೆಯದು. ಬೋರ್ಬನ್ ಎಂಬ ಅಮೆರಿಕದ ವಿಸ್ಕಿಯಲ್ಲೂ, ಬೋರ್ಬನ್ ಪೀಪಾಯಿಯಲ್ಲಿ ಮಲಗಿದ ಮಾಲ್ಟಿನಲ್ಲೂ ಅದು ಸಿಗುತ್ತದೆ. ಸಿಪ್ಪೆ ಕಪ್ಪಾದ ಏಲಕ್ಕಿ ಬಾಳೆ ಐಸೊಅಮೈಲ್ ಅಸಿಟೇಟ್ ಎಂಬ ರಾಸಾಯನಿಕದ ಗುರುತು. ಲವಂಗ ಎಂದರೆ ಸುಟ್ಟ ಓಕಿನಿಂದ ಬರುವ ಯೂಜಿನಾಲ್. ಚಿಕ್ಕಬಳ್ಳಾಪುರದ ನೀಲಿ ದ್ರಾಕ್ಷಿಯನ್ನು ಹಿಚುಕಿ ಒಂದು ದಿನ ಇಟ್ಟರೆ ಎಳೆಯ ಬ್ರಾಂದಿಯ ಕಡೆಗೆ ದಾರಿ ಸಿಗುತ್ತದೆ. ಹುಣಸೆ ಎರಡು ಬಗೆ ಬೇಕು: ಈ ವರ್ಷದ ಕೆಂಪು, ಮತ್ತು ಡಬ್ಬದಲ್ಲಿ ವರ್ಷ ಕಳೆದು ಕರ್ರಗಾದದ್ದು. ಶೆರ‍್ರಿ ಎಂಬ ಸ್ಪೇನಿನ ವೈನ್ ಇದ್ದ ಪೀಪಾಯಿಯ ವಿಸ್ಕಿಯಲ್ಲೂ ಗಯಾನಾದ ಹಳೆಯ ಡೆಮೆರಾರಾ ರಮ್ಮಿನಲ್ಲೂ ಸಿಗುವ ಹುಳಿ-ಸಿಹಿ ಆ ಎರಡನೆಯದು.

ಬೆಲ್ಲಕ್ಕೆ ಮೂರು ಶೀಶೆ ಕೊಡಿ: ಹಸಿ ಬೆಲ್ಲ, ಎಳೆ ಪಾಕ, ತಳ ಹಿಡಿದ ಪಾಕ. ರಮ್ಮಿನ ಅರ್ಧ ಭಾಷೆ ಈ ಮೂರರಲ್ಲಿದೆ. ಹಸಿ ಬೆಲ್ಲದಲ್ಲೇ ನಿಂತ ರಮ್ ಸಾಮಾನ್ಯವಾಗಿ ಎಳೆಯದು. ತಳ ಹಿಡಿದ ಪಾಕದ ಕಹಿಯೊಂದೇ ಮುಂದೆ ಬಂದರೆ ಬಣ್ಣದ ಕ್ಯಾರಮೆಲ್ ಇರಬಹುದೇ ಎಂದು ಅನುಮಾನಿಸಿ.

ಇನ್ನು ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಹಣ್ಣು ಬಿಡಿಸಿ, ತೊಳೆಯನ್ನು ಎರಡು ದಿನ ಮುಚ್ಚಿಟ್ಟು ಮೂಸಿ. ಮಾಗಿದ ಅನಾನಸ್ಸು, ಬಾಳೆ, ಒಂಚೂರು ಗೋಂದು, ಒಂಚೂರು ಕೊಳೆತ ನಾತ ಎಲ್ಲ ಕಲೆತು ಬರುತ್ತದೆ. ಜಮೈಕಾದವರು ಹೋಗೊ ಎನ್ನುವುದು ಇದರ ಅಣ್ಣತಮ್ಮ. ಹ್ಯಾಂಪ್ಡನ್‌ನಂಥ ಡಿಸ್ಟಿಲರಿಗಳಲ್ಲಿ ಉದ್ದ ಹುದುಗು, ಡಂಡರ್ ಎಂಬ ಹಳೆಯ ಬಟ್ಟಿ ಉಳಿಕೆ ಸೇರಿ ಹಣ್ಣಿನ ವಾಸನೆ ಕೊಡುವ ಎಸ್ಟರ್‌ಗಳು 100 ಲೀಟರ್ ಶುದ್ಧ ಆಲ್ಕೋಹಾಲಿಗೆ 1600 ಗ್ರಾಂವರೆಗೆ ಏರುತ್ತವೆ. ಅದನ್ನು ಮೊದಲ ಸಲ ಮೂಸಿದವರು ಕೆಟ್ಟುಹೋಗಿದೆ ಎನ್ನುತ್ತಾರೆ. ಹಲಸು ಬಿಡಿಸಿ ಗೊತ್ತಿರುವವರು ಹಾಗೆನ್ನುವುದಿಲ್ಲ.

ನಾಲ್ಕು ಪದಗಳನ್ನು ಮಾತ್ರ ಬೆರೆಸಬೇಡಿ. ಮೂಗಿನ ನರ ಚುರುಕ್ಕೆನ್ನುವುದು ಘಾಟು. ಅದು ವಾಸನೆಯಲ್ಲ, ನೋವು. ಅವರೆಕಾಯಿಗಿರುವಂತೆ ತನ್ನದೇ ಎನ್ನುವ ಆಳದ ವಾಸನೆ ಇದ್ದರೆ ಸೊಗಡು. ಹಳೆ ಕೊಬ್ಬರಿ, ಹಳೆ ಎಣ್ಣೆಯ ವಾಸನೆ ಕಮಟು, ಇದು ದೋಷ. ಮರದ ಟ್ಯಾನಿನ್ ನಾಲಿಗೆಯನ್ನು ಹಿಡಿದು ಒಣಗಿಸುವುದು ಒಗರು. ಸ್ವಲ್ಪ ಇದ್ದರೆ ಬೆನ್ನೆಲುಬು, ಹೆಚ್ಚಾದರೆ ಎಳೆ ಅಡಿಕೆ ಅಗಿದ ಹಾಗೆ. ಒದ್ದೆ ಗೋಣಿಚೀಲ ಅನಿಸಿದರೆ ಕಾರ್ಕ್ ಕೆಟ್ಟಿದೆ. ಉಗುರು ಬಣ್ಣದ ನಾತ ಹದಿನೈದು ನಿಮಿಷವಾದರೂ ಹೋಗದಿದ್ದರೆ ಈಥೈಲ್ ಅಸಿಟೇಟ್ ಜಾಸ್ತಿ.

ಮೂಸುವಾಗ ವೈನ್‌ನಂತೆ ಗ್ಲಾಸು ಗಿರಗಿರ ತಿರುಗಿಸಬೇಡಿ, ಘಾಟು ಎದ್ದುಬಿಡುತ್ತದೆ. ಬಾಯಿ ಸ್ವಲ್ಪ ತೆರೆದು, ಗಲ್ಲದ ಮಟ್ಟದಿಂದ ನಿಧಾನ ಮೇಲೆ ತನ್ನಿ. ಎರಡು ಸೆಕೆಂಡು ಸಾಕು. ಮೂಗು ಸೋತರೆ ನಿಮ್ಮದೇ ಮೊಣಕೈ ಮೂಸಿ, ಕಾಫಿ ಬೀಜ ಬೇಕಿಲ್ಲ.

ಬಾಯಿ, ಮತ್ತು ಸಕ್ಕರೆಯ ಪತ್ತೆ

ಮೊದಲ ಗುಟುಕು ಬಾಯಿ ಒದ್ದೆ ಮಾಡಲಿಕ್ಕೆ, ಅದಕ್ಕೆ ಅಂಕವಿಲ್ಲ. ಎರಡನೆಯದು ಅರ್ಧ ಚಮಚದಷ್ಟು; ಹತ್ತು ಸೆಕೆಂಡು ನಾಲಿಗೆಯ ಮೇಲೆ ಹರಿದಾಡಿಸಿ ಉಗುಳಿ. ಹಿನ್ರುಚಿ ಎಷ್ಟು ಹೊತ್ತು ನಿಂತಿತೆಂದು ಗಡಿಯಾರ ನೋಡಿ ಬರೆಯಿರಿ.

ರಮ್ ತೀರಾ ನುಣುಪು, ಜೋನಿಬೆಲ್ಲದ ಹಾಗಿದ್ದರೆ ಸಕ್ಕರೆ ಸೇರಿರಬಹುದು. ಯುರೋಪಿನ ನಿಯಮವೇ ಲೀಟರಿಗೆ 20 ಗ್ರಾಂವರೆಗೆ ಬಿಡುತ್ತದೆ. 5 ಮಿಲಿಯನ್ನು ಸ್ಟೀಲ್ ತಟ್ಟೆಯಲ್ಲಿ ಹಾಕಿ ರಾತ್ರಿ ಫ್ಯಾನಿನ ಕೆಳಗೆ ಬಿಡಿ. ಒಲೆಯ ಮೇಲೆ ಇಡಬೇಡಿ, ಹೊತ್ತಿಕೊಳ್ಳುತ್ತದೆ. ಬೆಳಗ್ಗೆ ಬೆರಳಿಗೆ ಅಂಟಿದರೆ ಗುಟ್ಟು ರಟ್ಟು. ಮದ್ಯದಲ್ಲಿ ತೇಲಿಸಿ ಶೇಕಡಾ ಅಳೆಯುವ ಆಲ್ಕೋಹಾಲ್ ಮೀಟರ್ ಇದ್ದರೆ ಅಂದಾಜೂ ಸಿಗುತ್ತದೆ: ಸಕ್ಕರೆ ದ್ರವವನ್ನು ಭಾರ ಮಾಡುವುದರಿಂದ ಮೀಟರ್ ಕಡಿಮೆ ತೋರಿಸುತ್ತದೆ, ಒಂದು ಶೇಕಡಾ ಇಳಿಕೆಗೆ ಲೀಟರಿಗೆ ಸುಮಾರು 4 ಗ್ರಾಂ. ಲೇಬಲ್ 40, ಮೀಟರ್ 35 ಎಂದರೆ ಹತ್ತಿರ ಹತ್ತಿರ 20 ಗ್ರಾಂ. ಆದರೆ ಮೀಟರ್ ಅಳತೆ 20 ಡಿಗ್ರಿ ಉಷ್ಣಕ್ಕೆ. 30 ಡಿಗ್ರಿ ಬಿಸಿಲಲ್ಲಿ ಅದು ಸುಮಾರು 4 ಶೇಕಡಾ ಹೆಚ್ಚು ತೋರಿಸಿ ಸಕ್ಕರೆಯನ್ನು ಮುಚ್ಚಿಹಾಕುತ್ತದೆ. ಥರ್ಮಾಮೀಟರ್ ಇಲ್ಲದೆ ಮೀಟರ್ ಮುಳುಗಿಸಬೇಡಿ.

ಮೊದಲು ಸಾಲು, ಆಮೇಲೆ ಅಂಕ

ಅಂಕದಿಂದ ಶುರು ಮಾಡಿದರೆ ಎಲ್ಲರೂ 80ಕ್ಕೂ 90ಕ್ಕೂ ನಡುವೆ ಓಡಾಡುತ್ತಾರೆ. ಮೊದಲು ಗ್ಲಾಸುಗಳನ್ನು ಇಷ್ಟದ ಕ್ರಮದಲ್ಲಿ ಜರುಗಿಸಿ ಸಾಲು ಮಾಡಿ. ಅರ್ಧ ಗಂಟೆ ಬಿಟ್ಟು ಎರಡನೆಯ ಸುತ್ತು, ಈ ಸಲ ಹಿಂದಿನಿಂದ ಮುಂದಕ್ಕೆ (ಪೀಟ್, ಜಮೈಕಾ ಇದ್ದರೆ ಅವು ಈಗಲೂ ಕೊನೆಗೇ). ಮೊದಲು ಬಂದ ಗ್ಲಾಸಿಗೆ ಶುಭ್ರ ಬಾಯಿಯ ಲಾಭ ಸಿಕ್ಕಿರುತ್ತದೆ. ಎರಡು ಸುತ್ತಿನ ನಂತರ ಅಂಕ: ಮೂಗಿಗೆ 40, ಬಾಯಿಗೆ 30, ಹಿನ್ರುಚಿಗೆ 20, ಒಟ್ಟಂದಕ್ಕೆ 10. ಮೂಗಿಗೆ ಇಷ್ಟೇಕೆ ಎಂದರೆ, ಪೀಪಾಯಿಯಲ್ಲಿ ಕಳೆದ ವರ್ಷಗಳು ಮೊದಲು ಕಾಣುವುದು ಅಲ್ಲೇ.

ಬರೆಯುವ ತನಕ ಮೌನ. ಒಬ್ಬರು ಏಲಕ್ಕಿ ಎಂದರೆ ಸಾಕು, ಎಲ್ಲರ ಮೂಗಿಗೂ ಏಲಕ್ಕಿ.

ಚೀಟಿ ಬಿಚ್ಚಿದಾಗ 417ಕ್ಕೆ 81, 862ಕ್ಕೆ 77, ಎರಡೂ ಒಂದೇ ಬಾಟಲಿ ಎಂದಾಯಿತು ಅನ್ನಿ. ನಿಮ್ಮ ಆವತ್ತಿನ ತಪ್ಪು 4, ಆ ಬಾಟಲಿಯ ಸರಾಸರಿ 79. ಮಿಕ್ಕವು 83, 80, 71 ಬಂದಿದ್ದರೆ 83, 80, 79 ಮೂರೂ ಒಂದೇ ಮೆಟ್ಟಿಲು. 71 ಮಾತ್ರ ಖಚಿತವಾಗಿ ಕೆಳಗೆ. ಮೂರರಲ್ಲಿ ಮೊದಲಿನದು ಯಾವುದು ಎಂಬ ಹಟ ಇದ್ದರೆ ಇನ್ನೊಂದು ದಿನ ಎರಡೆರಡನ್ನೇ ತೆಗೆದುಕೊಂಡು ಮೂರು ಗ್ಲಾಸಿನ ಪರೀಕ್ಷೆ ಮಾಡಿ: ಎರಡರಲ್ಲಿ ಒಂದೇ ಮದ್ಯ, ಒಂದರಲ್ಲಿ ಬೇರೆ, ಬೇರೆಯದನ್ನು ಹೆಕ್ಕಬೇಕು. ಐದು ಸಲದಲ್ಲಿ ನಾಲ್ಕು ಸಲವಾದರೂ ಸರಿ ಹೇಳಬೇಕು. ಬರೀ ಊಹೆಯಿಂದ ಅಷ್ಟು ಬರುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಹೇಳಲಾಗದಿದ್ದರೆ ಅಗ್ಗದ್ದನ್ನು ಕೊಳ್ಳಿ.

ಲೇಬಲ್ ಕಂಡ ಮೇಲೆ ಅಂಕ ತಿದ್ದಬೇಡಿ. ದಿನಾಂಕದ ಪಕ್ಕ ಬಾಟಲಿ ಎಷ್ಟು ಖಾಲಿಯಾಗಿತ್ತು ಎಂದೂ ಬರೆಯಿರಿ, ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿದ ಬಾಟಲಿ ಗಾಳಿಗೆ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಉಳಿದದ್ದನ್ನು ತೊಳೆದು ಒಣಗಿಸಿದ ಸಣ್ಣ ಗಾಜಿನ ಶೀಶೆಗೆ ಕುತ್ತಿಗೆಯವರೆಗೆ ತುಂಬಿ, ಮುಚ್ಚಳಕ್ಕೆ ಪ್ಲಂಬರ್‌ಗಳ ಟೆಫ್ಲಾನ್ ಟೇಪ್ ಎರಡು ಸುತ್ತು ಹಾಕಿ, ಬಿಸಿಲು ಬೀಳದ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಕಾರ್ಕನ್ನು ಆಲ್ಕೋಹಾಲ್ ತಿನ್ನುತ್ತದೆ. ಫ್ರಿಜ್ಜಿನ ನೆತ್ತಿ ಸದಾ ಬೆಚ್ಚಗಿರುತ್ತದೆ, ಅಲ್ಲಿ ಬೇಡ.